ಗಟಾರದ ನೀರು, ವತ್ಸಲಕ್ಕನ ರಕ್ತ

ಭರತ ನನ್ನನ್ನು ಮೊದಲ ಸಲ ನೋಡಿದಾಗ ನಾನು ಗಟಾರದೊಳಗೆ ಹಗ್ಗ ಇಳಿಬಿಟ್ಟು ನಿಂತಿದ್ದೆ.

ಮಾದಾಪುರದ ದುರ್ಗಂ ಚೆರುವು ಎಂಬ ಕೆರೆಗೆ ಕೊಳಚೆ ಬಂದು ಸೇರುವ ಜಾಗ ಅದು. ಎದುರಿನ ಗಾಜಿನ ಆಫೀಸುಗಳ ಮೇಲೆ ಸಂಜೆ ಬಿಸಿಲು ಕಿತ್ತಳೆಯಾಗುತ್ತಿತ್ತು, ಕಂಪನಿ ಕ್ಯಾಬುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಹಗ್ಗದ ತುದಿಗೆ ಕಟ್ಟಿದ ಬಾಟಲಿ ಆಗಷ್ಟೇ ನೀರು ಮುಟ್ಟಿತ್ತು. ಹಿಂದಿನಿಂದ ಯಾರೋ ಹಿಂದಿಯಲ್ಲಿ ಕೂಗಿದರು. ಓದಿದವರ ಹಾಗೆ ಕಾಣ್ತೀರಿ, ಕೆರೆಗೆ ಕಸ ಎಸೆಯೋಕೆ ನಾಚಿಕೆ ಆಗೋದಿಲ್ಲವಾ ಎಂದು.

ತಿರುಗಿ ನೋಡಿದೆ. ಕೊರಳಲ್ಲಿ ಐಡಿ ಕಾರ್ಡು, ಕಂಕುಳಲ್ಲಿ ಹೆಲ್ಮೆಟ್ಟು, ಮುಖದ ತುಂಬ ನ್ಯಾಯವಾದ ಕೋಪ. ಆ ಕೋಪ ಅವನಿಗೆ ಚೆನ್ನಾಗಿ ಒಪ್ಪುತ್ತಿತ್ತು. ಅದೇ ನನಗೆ ಇನ್ನಷ್ಟು ಸಿಟ್ಟು ತಂದಿತು.

"ಎಸೆಯಾಕತ್ತಿಲ್ಲ, ತಗೊಳ್ಳಾಕತ್ತೀನಿ. ಕಣ್ಣ ಇಲ್ಲೇನ್ ಮೂಳಗ" ಎಂದು ನಮ್ಮ ರಾಯಚೂರಿನ ಕನ್ನಡದಲ್ಲಿ ಗೊಣಗಿಕೊಂಡೆ. ಅವನಿಗೆ ತಿಳಿಯುವುದಿಲ್ಲ ಎಂಬ ಧೈರ್ಯ.

ಅವನ ಕೋಪ ಅಲ್ಲಿಯೇ ನಿಂತುಹೋಯಿತು. ತುಟಿಯ ಒಂದು ತುದಿ ಮೆಲ್ಲಗೆ ಮೇಲೆದ್ದಿತು.

"ಕಣ್ಣು ಉಂಟು. ಮೂಳ ಅಂದ್ರೆ ಎಂತ, ಅದೊಂದು ಗೊತ್ತಾಗ್ಲಿಲ್ಲ" ಎಂದ, ಅಪ್ಪಟ ಉಡುಪಿ ಕನ್ನಡದಲ್ಲಿ.

ನನ್ನ ಕಿವಿ ಬಿಸಿಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ಬಾಟಲಿ ಎತ್ತಿ ಅವನ ಮೂಗಿನ ಮುಂದೆ ಹಿಡಿದೆ. ಅವನು ಹಿಂದೆ ಸರಿಯಲಿಲ್ಲ.

"ಇದನ್ನ ಎಂತ ಮಾಡ್ತೀರಿ?"

"ಇದರಾಗ ಬ್ಯಾಕ್ಟೀರಿಯಾ ತಿನ್ನೋ ವೈರಸ್ ಇರ್ತಾವ್ರಿ. ಫೇಜ್ ಅಂತಾರ. ಮನುಷ್ಯಾರಿಗೆ ಏನೂ ಮಾಡೂದಿಲ್ಲ. ಔಷಧಕ್ಕ ಬಗ್ಗಲಾರದ ಬ್ಯಾಕ್ಟೀರಿಯಾ ಇರ್ತಾವಲ್ಲ, ಅವನ್ನ ಹುಡುಕಿ ಕೊಲ್ತಾವ. ನಾನು ಲ್ಯಾಬಿನ್ಯಾಗ ಅವನ್ನ ಸಾಕ್ತೀನಿ."

"ಅಂದ್ರೆ ನಾನು ಬೈದದ್ದು ತಪ್ಪಾಯ್ತು."

"ಭಾಳ ತಪ್ಪಾತು."

"ಹಾಗಾದ್ರೆ ಒಂದು ಚಹಾ ಕುಡಿಸ್ತೇನೆ" ಎಂದವನು ನನ್ನ ಕೈಗವಸು ನೋಡಿ ಸೇರಿಸಿದ, "ಕೈ ತೊಳ್ದ ಮೇಲೆ."

ಅವನ ಹೆಸರು ಭರತ ಎಂದು ತಿಳಿದದ್ದು ಆ ಚಹಾ ಕುಡಿಯುವಾಗ. ನನ್ನ ಹೆಸರು ಉಮಾಶ್ರೀ ಎಂದಾಗ ಅವನು ಅದನ್ನು ಒಮ್ಮೆ ಮೆಲ್ಲಗೆ ಹೇಳಿಕೊಂಡ, ರುಚಿ ನೋಡುವವನಂತೆ.

ಆಮೇಲೆ ಚಹಾಕ್ಕೆ ನೆಪ ಬೇಕಾಗಲಿಲ್ಲ. ಮೆಟ್ರೋ ಹೈಟೆಕ್ ಸಿಟಿಯವರೆಗೆ ಆಗಷ್ಟೇ ಬಂದಿತ್ತು. ಸಂಜೆ ಒಂದೇ ಡಬ್ಬಿಯಲ್ಲಿ ನಿಂತು ಬರುತ್ತಿದ್ದೆವು. ಜನ ತಳ್ಳಿದಾಗ ಅವನು ಮೇಲಿನ ಹಿಡಿಕೆ ಹಿಡಿದು ನನ್ನ ಸುತ್ತ ತುಸು ಜಾಗ ಮಾಡುತ್ತಿದ್ದ, ಮುಖ ಮಾತ್ರ ಕಿಟಕಿಯ ಕಡೆಗೆ. ಕಿಟಕಿಯ ಗಾಜಿನಲ್ಲಿ ಅವನು ನೋಡುತ್ತಿದ್ದುದು ನನ್ನನ್ನೇ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು.

ಕಾಚಿಗೂಡದ ನಮ್ಮ ಎರಡು ಕೋಣೆಯ ಮನೆಗೆ ಅವನು ಬರತೊಡಗಿದ. ಅವ್ವ ತುಳಸಾಬಾಯಿ ಅಲ್ಲಿಯ ಲಾಡ್ಜುಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು. ಕುಚ್ಚಲಕ್ಕಿಯ ಹುಡುಗ ಎರಡನೆಯ ರೊಟ್ಟಿಗೇ ಸುಸ್ತಾಗುತ್ತಿದ್ದ.

"ಇಷ್ಟಽ ತಿಂದರ ಹ್ಯಾಂಗಪಾ" ಎಂದು ಅವ್ವ ಮೂರನೆಯದನ್ನು ಹಾಕುವಳು. ಅವನು ಕಣ್ಣಿನಲ್ಲಿಯೇ ನನ್ನನ್ನು ಕಾಪಾಡು ಎನ್ನುವನು. ನಾನು ಕಾಪಾಡುತ್ತಿರಲಿಲ್ಲ.

ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಿರಲಿಲ್ಲ. ಆಡುವ ಅವಸರವೂ ಇರಲಿಲ್ಲ. ಅಷ್ಟರಲ್ಲಿ ವತ್ಸಲಕ್ಕ ಆಸ್ಪತ್ರೆ ಸೇರಿದಳು.

ವತ್ಸಲಾ ಭರತನ ಅಕ್ಕ. ತಾಯಿಯನ್ನು ಬೇಗ ಕಳೆದುಕೊಂಡ ತಮ್ಮನನ್ನು ಬೆಳೆಸಿದವಳು. ಗಂಡ ಸುಬ್ಬಣ್ಣನ ಬ್ಯಾಂಕಿನ ವರ್ಗಾವಣೆಯಿಂದ ಬೇಗಂಪೇಟೆಗೆ ಬಂದು, ಅಲ್ಲಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅಪೆಂಡಿಕ್ಸ್ ಒಡೆದು ಆಪರೇಷನ್ ಆಯಿತು. ಹೊಲಿಗೆ ಮಾಯುತ್ತಿದ್ದಾಗಲೇ ಚಳಿಜ್ವರ ಹಿಡಿಯಿತು. ಐಸಿಯುಗೆ ಹಾಕಿದರು. ಔಷಧ ಏರಿಸಿದರೆ ಜ್ವರ ಇಳಿಯುವುದು, ನಿಲ್ಲಿಸಿದರೆ ಮತ್ತೆ ಏರುವುದು. ವಾರಗಳು ಹೀಗೆಯೇ ಹೋದವು.

ಭರತ ತನ್ನ ಫೋನಿನಲ್ಲಿದ್ದ ರಿಪೋರ್ಟನ್ನು ನನಗೆ ತೋರಿಸಿದ. ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತಿತ್ತು. ಪರೀಕ್ಷಿಸಿದ ಆ್ಯಂಟಿಬಯೋಟಿಕ್‌ಗಳಲ್ಲಿ ಒಂದೇ ಒಂದು ಅಷ್ಟಿಷ್ಟು ಕೆಲಸ ಮಾಡುತ್ತಿತ್ತು. ಅದು ಅವಳ ಮೂತ್ರಪಿಂಡಗಳನ್ನು ಹಾಳುಮಾಡುತ್ತಿತ್ತು.

"ಭರತ, ಈ ಬ್ಯಾಕ್ಟೀರಿಯಾ ಅಕ್ಕನ ಮನಿಯಾಗ ಇರೂದಲ್ಲ. ಆಸ್ಪತ್ರಿಯಾಗ ಹುಟ್ಟಿ, ಆಸ್ಪತ್ರಿಯಾಗ ಬೆಳದದ್ದು."

ಅವನ ಮುಖ ಬಿಳಿಚಿತು. "ಅದನ್ನ ಅವರು ಹೇಳ್ಲೇ ಇಲ್ಲ."

"ಹೇಳೂದಿಲ್ಲ."

ಐಸಿಯು ಹೊರಗಿನ ಬೆಂಚಿನ ಮೇಲೆ ನಮ್ಮ ಕಡೆಯ ಹೆಂಗಸೊಬ್ಬಳು ಕೂತಿರುತ್ತಿದ್ದಳು. ಯಾದಗಿರಿಯ ಸುಗಲಮ್ಮ. ಮಾದಾಪುರದ ಟವರು ಕಟ್ಟುವಾಗ ಅವಳ ಗಂಡ ಮೌನಪ್ಪ ಮೇಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಕಂಟ್ರಾಕ್ಟರು ಇಲ್ಲಿ ತಂದು ಸೇರಿಸಿದ್ದ. ಕಾಲು ಸರಿಯಾಗಿತ್ತು, ಜ್ವರ ಮಾತ್ರ ಬಿಡುತ್ತಿರಲಿಲ್ಲ.

"ಕಾಲ ಮುರದಾಂವಗ ಜ್ವರ ಯಾಕ ಬರಬೇಕು ತಂಗಿ?" ಎಂದು ಅವಳು ಕೇಳಿದಳು. "ಕೇಳಿದರ ತೆಲುಗಿನ್ಯಾಗ ಏನೋ ಅಂತಾರ. ನಮ್ಮವರಿಗೆ ಶಕ್ತಿ ಇಲ್ಲಂತ. ಅಂವ ದಿನಾ ಸಿಮೆಂಟ್ ಚೀಲ ಹೊತ್ತಾಂವ."

ನಾನು ಅವಳ ಕೈ ಹಿಡಿದುಕೊಂಡೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಪರೀಕ್ಷೆಯಿಲ್ಲದೆ ಹೇಳುವ ಹಾಗಿರಲಿಲ್ಲ.

ಆಸ್ಪತ್ರೆಯ ಆಡಳಿತಾಧಿಕಾರಿಯ ಕೋಣೆ ಫ್ರಿಜ್ಜಿನಷ್ಟು ತಂಪಾಗಿತ್ತು. ನಾನು, ಭರತ, ಸುಬ್ಬಣ್ಣ ಮೂವರೂ ಕೂತಿದ್ದೆವು. ರೋಗಿಯ ಬ್ಯಾಕ್ಟೀರಿಯಾದ ಮಾದರಿ ಕೊಡಿ, ಅದನ್ನು ಕೊಲ್ಲುವ ಫೇಜ್ ನಮ್ಮಲ್ಲಿದೆಯೇ ನೋಡುತ್ತೇನೆ ಎಂದೆ. ಬೇರೆ ದಾರಿ ಮುಚ್ಚಿದ ರೋಗಿಗಳಿಗೆ ವಿಶೇಷ ಅನುಮತಿ ಪಡೆದು ಕೆಲವು ದೇಶಗಳಲ್ಲಿ ಕೊಡುತ್ತಾರೆ ಎಂದೂ ವಿವರಿಸಿದೆ.

"ಗಟಾರದ ವೈರಸ್ಸನ್ನು ರಕ್ತಕ್ಕೆ ಹಾಕುತ್ತೀರಾ?" ಆತ ಇಂಗ್ಲಿಷಿನಲ್ಲಿ ನಕ್ಕ.

"ಶುದ್ಧ ಮಾಡಿ. ಅದಾಗಲೇ ನಿಮ್ಮ ಐಸಿಯುದ ಬ್ಯಾಕ್ಟೀರಿಯಾ ಅವರ ರಕ್ತಕ್ಕೆ ಹೋಗಿದೆಯಲ್ಲ ಸರ್."

ನಗು ನಿಂತಿತು. "ನಮ್ಮಲ್ಲಿ ಅಂಥದ್ದೇನೂ ಇಲ್ಲ. ರೋಗಿ ಹೊರಗಿನಿಂದ ತಂದದ್ದು. ಮಾದರಿ ಹೊರಗೆ ಕೊಡುವುದಿಲ್ಲ. ನೀವು ರೋಗಿಗೆ ಏನಾಗಬೇಕು?"

ಏನೂ ಆಗಬೇಕಾಗಿರಲಿಲ್ಲ. ನಾನು ಭರತನ ಕಡೆ ನೋಡಿದೆ. ಅವನು ಟೇಬಲ್ಲಿನ ಗಾಜು ನೋಡುತ್ತಿದ್ದ.

ಹೊರಗೆ ಬಂದವಳೇ ಸ್ಫೋಟಿಸಿದೆ. "ನಿನ್ನ ಬಾಯಾಗ ಏನ್ ಇಟ್ಟಿದ್ರು? ಕೆರಿ ಸಲುವಾಗಿ ಅಷ್ಟು ಜೋರು ಮಾಡಿದಾಂವ, ಅಕ್ಕನ ಸಲುವಾಗಿ ಒಂದು ಮಾತು ಬರಲಿಲ್ಲ?"

"ಅಕ್ಕ ಅವರ ಕೈಯಲ್ಲಿದ್ದಾಳೆ, ಉಮಾ. ಜಗಳ ಮಾಡಿ ನಾನು ಮನೆಗೆ ಹೋಗ್ತೇನೆ, ಅವಳು ಅಲ್ಲೇ ಮಲಗಿರ್ತಾಳೆ. ಮತ್ತೆ ನೀನು ಇದನ್ನ ಮನುಷ್ಯರಿಗೆ ಯಾವತ್ತಾದ್ರೂ ಕೊಟ್ಟದ್ದುಂಟಾ?"

"ಇಲ್ಲ."

"ಹಾಗಾದ್ರೆ ನಿನಗೆ ಬೇಕಾದದ್ದು ಅಕ್ಕನಾ, ಪ್ರಯೋಗವಾ?"

ಕೆಳಗೆ ಬೇಗಂಪೇಟೆಯ ರಸ್ತೆ ಗದ್ದಲ ಮಾಡುತ್ತಿತ್ತು. ತಿರುಗಿ ನಡೆದೆ. ಅವನು ಕರೆದ. ನಿಲ್ಲಲಿಲ್ಲ.

ಕೆಲವು ದಿನ ಮೆಟ್ರೋದಲ್ಲಿ ಬೇರೆ ಡಬ್ಬಿ ಹತ್ತಿದೆ. ಸಿಟ್ಟು ಅವನ ಮೇಲೆ ಮಾತ್ರವಾಗಿದ್ದರೆ ಇಳಿಯುತ್ತಿತ್ತೇನೋ. ಔಷಧಗಳು ಸೋಲುತ್ತಿವೆ ಎಂದು ಗೊತ್ತಿದ್ದೂ ಸುಮ್ಮನಿರುವ ಇಡೀ ಊರಿನ ಮೇಲೆ ನನಗೆ ಸಿಟ್ಟಿತ್ತು. ನೆಗಡಿಗೂ ಅಂಗಡಿಯಿಂದ ಆ್ಯಂಟಿಬಯೋಟಿಕ್ ನುಂಗುವವರ ಮೇಲೆ, ಮಾರುವವರ ಮೇಲೆ, ಆಸ್ಪತ್ರೆಯ ನೆಲ ಕನ್ನಡಿಯಂತೆ ಹೊಳೆಸಿ ಒಳಗಿನ ಪೈಪು ಮರೆಯುವವರ ಮೇಲೆ. ಆದರೂ ಕಿಟಕಿಯ ಗಾಜಿನಲ್ಲಿ ಅವನ ಮುಖ ಇಲ್ಲದ್ದು ಪ್ರತಿ ಸ್ಟೇಷನ್ನಿನಲ್ಲೂ ಚುಚ್ಚುತ್ತಿತ್ತು.

ಒಂದು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿರುವಾಗ ಬಾಗಿಲಲ್ಲಿ ಅವನು ನಿಂತಿದ್ದ. ಗಡ್ಡ ಬೆಳೆದಿತ್ತು. ಕಣ್ಣು ಕೆಂಪಾಗಿತ್ತು.

"ಅವತ್ತು ಹೇಳಿದ್ದು ಹೇಳಬಾರದಿತ್ತು" ಎಂದ. "ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬೈದಳು."

"ಯಾರಿಗೆ?"

"ನನಗೆ, ಭಾವನಿಗೆ, ಡಾಕ್ಟ್ರಿಗೆ. ನನ್ನ ರಕ್ತದ ಮಾತನ್ನ ನನ್ನ ಬಿಟ್ಟು ಎಲ್ರೂ ಆಡ್ತೀರಲ್ಲ ಅಂದಳು. ನಿನ್ನನ್ನ ಕರಕೊಂಡು ಬರ್ಲಿಕ್ಕೆ ಹೇಳಿದ್ದಾಳೆ."

ಅವ್ವ ಹಿಟ್ಟಿನ ಕೈಯಲ್ಲಿಯೇ ನನ್ನ ಬೆನ್ನಿಗೆ ತಟ್ಟಿದಳು. "ಹೋಗವ್ವ. ಸಿಟ್ಟು ಹಾದಿಮ್ಯಾಲ ಮಾಡ್ಕೋ."

ವತ್ಸಲಕ್ಕ ಹಾಸಿಗೆಯಲ್ಲಿ ಅರ್ಧದಷ್ಟಾಗಿದ್ದಳು. ಕಣ್ಣು ಮಾತ್ರ ಕ್ಲಾಸು ತೆಗೆದುಕೊಳ್ಳುವ ಕಣ್ಣು.

"ಗಟಾರದ ಹುಡುಗಿ ನೀನೇಯಾ?"

"ಹೌದ್ರಿ ಅಕ್ಕ."

"ಗುಣ ಆಗ್ತದೆ ಅಂತ ಹೇಳ್ತೀಯಾ?"

"ಹೇಳಾಕ ಬರೂದಿಲ್ರಿ. ಸರಿಹೊಂದೋ ಫೇಜ್ ಸಿಗದೇನೂ ಹೋಗಬಹುದು. ಸಿಕ್ಕರ ಆ್ಯಂಟಿಬಯೋಟಿಕ್ ಜೊತಿಗೇ ಕೊಡಬೇಕು."

ಅವಳು ನಕ್ಕಳು. "ಇಲ್ಲಿ ಇಷ್ಟು ದಿನದಲ್ಲಿ ಸತ್ಯ ಹೇಳಿದ್ದು ನೀನೊಬ್ಬಳೇ." ಆಮೇಲೆ ಪಕ್ಕದಲ್ಲಿ ನಿಂತಿದ್ದ ಐಸಿಯು ಮುಖ್ಯಸ್ಥ ಡಾ. ಸೂರ್ಯನಾರಾಯಣರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು, "ನನ್ನ ರಕ್ತ ತೆಗೆದು ಇವಳಿಗೆ ಕೊಡಿ ಡಾಕ್ಟ್ರೇ. ಅದಕ್ಕೆ ಯಾರ ಅಪ್ಪಣೆಯೂ ಬೇಡ."

ಆ ಹಿರಿಯ ಡಾಕ್ಟರು ತಾವೇ ಸಿರಿಂಜು ಹಿಡಿದರು.

ಲ್ಯಾಬಿನಲ್ಲಿ ಅವಳ ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ, ನಮ್ಮ ಫ್ರಿಜ್ಜಿನಲ್ಲಿದ್ದ ಫೇಜ್‌ಗಳನ್ನೆಲ್ಲ ಒಂದೊಂದು ಹನಿ ಇಟ್ಟು ನೋಡಿದೆ. ಫೇಜ್ ಕೊಂದರೆ ಹನಿ ಬಿದ್ದ ಜಾಗ ತಿಳಿಯಾಗಬೇಕು. ಎಲ್ಲಿಯೂ ತಿಳಿಯಾಗಲಿಲ್ಲ. ತಟ್ಟೆಗಳ ಮೇಲೆ ಬ್ಯಾಕ್ಟೀರಿಯಾ ಮಂಜಿನಂತೆ ಹಬ್ಬಿ ಕೂತಿತ್ತು.

ಫೋನಿನಲ್ಲಿ ಭರತನಿಗೆ ಹೇಳಿದೆ.

"ಇನ್ನೆಲ್ಲಿ ಹುಡುಕಬಹುದು?"

"ಆ ಬ್ಯಾಕ್ಟೀರಿಯಾ ಇರೋ ಕಡೆ. ಆಸ್ಪತ್ರಿ ಗಟಾರದಾಗ. ಅವರು ಒಳಗ ಬಿಡೂದಿಲ್ಲ."

"ಒಳಗೆ ಯಾಕೆ? ಅವರ ಪೈಪು ರಸ್ತೆಗೆ ಬರ್ಲೇಬೇಕಲ್ಲ."

ಹೀಗೆ ಒಂದು ಭಾನುವಾರದ ಮಧ್ಯಾಹ್ನ ನಾವಿಬ್ಬರೂ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ, ಬಾಯಿ ತೆರೆದ ಮ್ಯಾನ್‌ಹೋಲಿನ ಪಕ್ಕ ಮಂಡಿಯೂರಿ ಕೂತೆವು. ಅವನು ಹಗ್ಗ ಹಿಡಿದಿದ್ದ, ನಾನು ಅದರ ತುದಿಗೆ ಬಾಟಲಿ ಕಟ್ಟಿದ್ದೆ. ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ದಾರಿಹೋಕರೊಬ್ಬರು ನಿಂತು, ಏನು ಬಿದ್ದಿದೆ, ಉಂಗುರವಾ ಎಂದು ತೆಲುಗಿನಲ್ಲಿ ಕೇಳಿದರು.

"ಹೌದು ಸರ್, ಉಂಗುರವೇ. ಇವಳಿಗೆ ಹಾಕ್ಬೇಕು ಅಂತಿದ್ದೆ" ಎಂದ ಭರತ ತನ್ನ ಮುರುಕು ತೆಲುಗಿನಲ್ಲಿ.

ಅವರು ಅಯ್ಯೋ ಪಾಪ ಎನ್ನುತ್ತ ಹೋದರು. ನಾನು ಮಾಸ್ಕಿನ ಮೇಲಿನಿಂದ ಅವನನ್ನು ದಿಟ್ಟಿಸಿದೆ. ಅವನು ನನ್ನನ್ನು. ಬೆವರಿನ ಒಂದು ಹನಿ ಅವನ ಹುಬ್ಬಿನಿಂದ ಇಳಿದು ರೆಪ್ಪೆಯ ಮೇಲೆ ನಿಂತಿತು. ಎರಡೂ ಕೈ ಹಗ್ಗದಲ್ಲಿದ್ದುದರಿಂದ ಒರೆಸಿಕೊಳ್ಳಲಾಗದೆ ಅವನು ಕಣ್ಣು ಮಿಟುಕಿಸಿದ. ನಾನು ಮೊಣಕೈ ಮೇಲಿನ ತೋಳಿನಿಂದ ಒರೆಸಿದೆ. ಅವನು ಕಣ್ಣು ಮುಚ್ಚಿಕೊಂಡ. ತೋಳು ತೆಗೆದ ಮೇಲೂ ಅರೆಗಳಿಗೆ ಹಾಗೆಯೇ ಇದ್ದ.

"ಹಗ್ಗ ಹಿಡಿ" ಎಂದೆ.

"ಹಿಡಿದಿದ್ದೇನೆ, ಮಾರಾಯ್ತಿ."

ಆ ನೀರಿನಲ್ಲಿ ಅದು ಇತ್ತು. ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಮಂಜಿನ ನಡುವೆ ಸೂಜಿಯಿಂದ ಚುಚ್ಚಿದಂಥ ತಿಳಿಯಾದ ತೂತುಗಳು. ನಮ್ಮ ಲ್ಯಾಬಿನ ಮುಖ್ಯಸ್ಥೆ ಗಿರಿಜಾಬಾಯಿ ಮೇಡಂ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಆಸ್ಪತ್ರಿಯಾಗ ಇಲ್ಲ ಅಂದ ಬ್ಯಾಕ್ಟೀರಿಯಾದ ಫೇಜ್, ಆಸ್ಪತ್ರಿ ಗಟಾರದಾಗ ಹ್ಯಾಂಗ ಬಂತಂತ?" ಎಂದರು.

ಫೇಜ್ ಬೆಳೆಸಿ, ಸೋಸಿ, ಬ್ಯಾಕ್ಟೀರಿಯಾದ ವಿಷ ಉಳಿಯದಂತೆ ತೊಳೆದು, ಪರೀಕ್ಷಿಸಿ ಸಿದ್ಧಮಾಡಲು ನಾವು ದಿನಗಟ್ಟಲೆ ದುಡಿದೆವು. ವತ್ಸಲಕ್ಕನ ಒಪ್ಪಿಗೆಯೊಡನೆ ಡಾ. ಸೂರ್ಯನಾರಾಯಣ ದಿಲ್ಲಿಗೆ ಬರೆದು ವಿಶೇಷ ಅನುಮತಿ ತರಿಸಿದರು. ಇನ್ನು ಆಸ್ಪತ್ರೆಯ ನೈತಿಕ ಸಮಿತಿ ಹೂಂ ಅನ್ನಬೇಕಿತ್ತು. ಅದು ಅನ್ನಲಿಲ್ಲ. ಸೋಂಕು ಮನೆಯಿಂದಲೇ ಬಂದದ್ದು ಎಂದು ಮನೆಯವರು ಬರೆದುಕೊಟ್ಟರೆ ಯೋಚಿಸಬಹುದು ಎಂದಿತು.

ಸುಬ್ಬಣ್ಣ ಅಳುತ್ತ ಪೆನ್ನು ಕೇಳಿದ. "ಬರೆದುಬಿಡ್ತೇನೆ ಭರತ. ನನಗೆ ಅವಳು ಬೇಕು."

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಆ ಹೊತ್ತಿಗೇ ಐಸಿಯು ಬಾಗಿಲು ತೆರೆಯಿತು. ಸುಗಲಮ್ಮನ ಕೂಗು ಮಹಡಿಯೆಲ್ಲ ತುಂಬಿತು. ಮೌನಪ್ಪ ಹೋಗಿದ್ದ. ಅವನ ರಕ್ತದಲ್ಲಿದ್ದದ್ದೂ ಅದೇ ಬ್ಯಾಕ್ಟೀರಿಯಾ ಎಂದು ಹಿಂದಿನ ದಿನ ರಿಪೋರ್ಟು ಬಂದಿತ್ತು. ಆ ರಿಪೋರ್ಟು ಡಾ. ಸೂರ್ಯನಾರಾಯಣರ ಜೇಬಿನಲ್ಲಿತ್ತು.

ಅವರು ಕೆಲಹೊತ್ತು ಗೋಡೆಗೆ ಕೈ ಕೊಟ್ಟು ನಿಂತರು. ನಾನು ಅವರ ಮುಂದೆ ಹೋಗಿ ನಿಂತೆ.

"ಸರ್, ಇವರಿಗೆ ಏನು ಹೇಳುತ್ತೀರಿ? ಶಕ್ತಿ ಇರಲಿಲ್ಲ ಅಂತಲೇ?"

ಅವರು ನೇರವಾಗಿ ಸಮಿತಿಯ ಕೋಣೆಗೆ ನಡೆದರು. ಸೋಂಕು ನನ್ನ ಐಸಿಯುದ್ದೇ, ನಾನೇ ಬರೆದುಕೊಡುತ್ತೇನೆ, ಇಂದು ಅನುಮತಿ ಕೊಡದಿದ್ದರೆ ಅದನ್ನು ಹೊರಗೆ ಹೋಗಿ ಹೇಳುತ್ತೇನೆ ಎಂದರಂತೆ. ಸಂಜೆಯೊಳಗೆ ಸಹಿ ಬಿತ್ತು.

ಮೊದಲ ಡೋಸು ಹನಿಹನಿಯಾಗಿ ವತ್ಸಲಕ್ಕನ ನರಕ್ಕೆ ಇಳಿಯಿತು. ನೋಡಲು ನೀರಿನ ಹಾಗೆ. ಕೆಲ ಹೊತ್ತಿಗೆ ಅವಳಿಗೆ ನಡುಕ ಹತ್ತಿತು, ಜ್ವರ ಏರಿತು. ಭರತ ನನ್ನ ಕೈ ಹಿಡಿದ. ಬ್ಯಾಕ್ಟೀರಿಯಾ ಸಾಯುವಾಗ ಹೀಗಾಗಬಹುದು ಎಂದು ಓದಿದ್ದೆ. ಓದಿದ್ದನ್ನು ನಂಬುವುದು ಅಷ್ಟು ಕಷ್ಟ ಎಂದು ಆಗಲೇ ತಿಳಿದದ್ದು.

ಜ್ವರ ಇಳಿಯಿತು. ಮತ್ತೆ ಡೋಸು, ಮತ್ತೆ ಕಾಯುವಿಕೆ. ಆ್ಯಂಟಿಬಯೋಟಿಕ್ ಜೊತೆಗೇ ನಡೆದಿತ್ತು. ಒಂದು ದಿನ ರಕ್ತದಲ್ಲಿ ಏನೂ ಬೆಳೆಯಲಿಲ್ಲ. ಮರುಪರೀಕ್ಷೆಯಲ್ಲೂ ಬೆಳೆಯಲಿಲ್ಲ. ವತ್ಸಲಕ್ಕ ಗಂಜಿ ಕೇಳಿದಳು, ಉಪ್ಪು ಕಮ್ಮಿ ಎಂದು ಸುಬ್ಬಣ್ಣನನ್ನು ಬೈದಳು. ಅವನು ಬೈಸಿಕೊಳ್ಳುತ್ತ ನಗುತ್ತಲೇ ಇದ್ದ. ಮೂತ್ರಪಿಂಡ ಪೂರ್ತಿ ಮೊದಲಿನಂತಾಗಲಿಲ್ಲ. ಆದರೆ ಅವಳು ನಡೆದು ಮನೆಗೆ ಹೋದಳು.

ಇಲ್ಲಿಗೆ ಮುಗಿಯಬಹುದಿತ್ತು. ಆಸ್ಪತ್ರೆ ಮುಗಿಸಲಿಲ್ಲ. ಪತ್ರಕರ್ತರನ್ನು ಕರೆಯಿತು. ಕೆಳಗಿನ ಹಾಲಿನಲ್ಲಿ ಬ್ಯಾನರು, ಹೂವು, ಸಮೋಸ. ನಮ್ಮನ್ನೂ ಕರೆದಿದ್ದರು, ಹಿಂದಿನ ಸಾಲಿಗೆ. ಆಡಳಿತಾಧಿಕಾರಿ ಮೈಕು ಹಿಡಿದು, ಹೊರಗಿನಿಂದ ಭಯಂಕರ ಸೋಂಕು ಹೊತ್ತುಬಂದ ಮಹಿಳೆಯನ್ನು ತಮ್ಮ ಸಂಸ್ಥೆ ಹೇಗೆ ಉಳಿಸಿತೆಂದು ವರ್ಣಿಸುತ್ತಿದ್ದ. ಡಾ. ಸೂರ್ಯನಾರಾಯಣ ವೇದಿಕೆಯಲ್ಲಿರಲಿಲ್ಲ. ಅವರನ್ನು ಮುಖ್ಯಸ್ಥನ ಸ್ಥಾನದಿಂದ ಇಳಿಸಿದ್ದರು. ಆ ಬೆಳಿಗ್ಗೆ ಅವರು ಮೌನಪ್ಪನ ರಿಪೋರ್ಟಿನ ಪ್ರತಿಯನ್ನು ನನ್ನ ಕೈಗಿಟ್ಟಿದ್ದರು.

ಏಳಲು ಕುರ್ಚಿ ಹಿಂದೆ ಸರಿಸಿದೆ. ಅಷ್ಟರಲ್ಲಿ ಪಕ್ಕದವನು ಎದ್ದು ನಿಂತಿದ್ದ.

"ನಾನು ರೋಗಿಯ ತಮ್ಮ" ಎಂದ ಭರತ, ಇಡೀ ಹಾಲಿಗೆ ಕೇಳುವಂತೆ. "ನನ್ನ ಅಕ್ಕ ಸೋಂಕನ್ನು ಮನೆಯಿಂದ ತರಲಿಲ್ಲ. ಇದೇ ಐಸಿಯುದಲ್ಲಿ ಅದೇ ಸೋಂಕಿನಿಂದ ಯಾದಗಿರಿಯ ಮೌನಪ್ಪ ಎನ್ನುವವರು ತೀರಿಕೊಂಡರು. ಅವರ ಹೆಸರನ್ನು ಯಾಕೆ ಹೇಳುವುದಿಲ್ಲ? ಇನ್ನೆಷ್ಟು ಜನರಿಗೆ ಬಂದಿದೆ? ಅವರ ಮನೆಯವರಿಗೆ ಯಾರು ಹೇಳುತ್ತಾರೆ?"

ಮೈಕು ಕಿರ್ರೆಂದಿತು. ಕ್ಯಾಮೆರಾಗಳು ನಮ್ಮ ಕಡೆ ತಿರುಗಿದವು. ಸೆಕ್ಯುರಿಟಿಯವರು ಬರುವ ಮೊದಲು ನಾನೂ ಎದ್ದು ನಿಂತು, ಎಲ್ಲಿಯ ಗಟಾರದಿಂದ ಫೇಜ್ ಸಿಕ್ಕಿತೆಂದು ಗಲ್ಲಿಯ ಗುರುತಿನೊಡನೆ ಹೇಳಿದೆ.

ನಮ್ಮನ್ನು ಗೌರವದಿಂದ ಹೊರಗೆ ಹಾಕಿದರು.

ಹೊರಗೆ ಬಿಸಿಲು. ಆಟೋಗಳು. ಅವನು ಫುಟ್‌ಪಾತಿನ ಕಟ್ಟೆಯ ಮೇಲೆ ಕುಸಿದ.

"ಹೆದರಿಕೆ ಆಯ್ತಾ?" ಕೇಳಿದೆ, ಅವನ ಕನ್ನಡದಲ್ಲಿ.

"ಭಾಳ" ಎಂದ, ನನ್ನ ಕನ್ನಡದಲ್ಲಿ.

ನಗಬೇಕೆಂದುಕೊಂಡವಳು ಅತ್ತುಬಿಟ್ಟೆ. "ನಮ್ಮ ಕೈಯಾಗ ಇತ್ತು ಭರತ. ಅವತ್ತು ಬಾಟಲಿ ರೆಡಿ ಇತ್ತು. ಅವರು ಮೀಟಿಂಗ್ ಮಾಡಾಕತ್ತಿದ್ರು, ಅಂವ ಸತ್ತ. ಸುಗಲಮ್ಮಗ ಯಾರೂ ಏನೂ ಹೇಳಲಿಲ್ಲ. ನನ್ನ ಸಿಟ್ಟು ಇನ್ನ ಯಾವತ್ತೂ ಇಳಿಯೂದಿಲ್ಲ ನೋಡು."

ಅವನು ಜೇಬಿನಿಂದ ಕರ್ಚೀಫು ತೆಗೆದ. ಒರೆಸಲಿಲ್ಲ, ಕೈಗೆ ಕೊಟ್ಟ.

"ಇಳಿಸು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅದರ ಜೊತೆಗೆ ನನ್ನನ್ನೂ ಇಟ್ಕೊಳ್ತೀಯಾ, ಅಷ್ಟು ಹೇಳು."

"ಎಲ್ಲಿ?"

"ಎಲ್ಲಿಯಾದ್ರೂ ಸರಿ. ನಿನ್ನನ್ನ ಪ್ರೀತಿಸ್ತೇನೆ, ಉಮಾ. ಅಷ್ಟು ಚಹಾ ಕುಡಿದೂ ಹೇಳ್ಲಿಕ್ಕೆ ಆಗ್ಲಿಲ್ಲ."

ನಾನು ಅವನ ಮುಖ ನೋಡಿದೆ. ನಡುವೆ ಗಾಜಿರಲಿಲ್ಲ, ಮಾಸ್ಕಿರಲಿಲ್ಲ. ಆ ಕಣ್ಣುಗಳ ಬಣ್ಣ ಕಪ್ಪಲ್ಲ, ಕಡು ಕಂದು ಎಂದು ನನಗೆ ಅಂದೇ ಗೊತ್ತಾದದ್ದು.

"ನಂಗೂ ನೀ ಬೇಕು" ಎಂದೆ. "ಆದ್ರ ಇವತ್ತು ಯಾದಗಿರಿಗೆ ಹೋಗಬೇಕು. ಸುಗಲಮ್ಮಗ ನಾವಽ ಹೇಳಬೇಕು. ರಿಪೋರ್ಟು ಓದಿ, ಕನ್ನಡದಾಗ."

ಅವನು ಎದ್ದು ಪ್ಯಾಂಟಿನ ಧೂಳು ಕೊಡವಿದ. ಆಟೋ ನಿಲ್ಲಿಸಿ, ನಾನು ಹತ್ತಲೆಂದು ಪಕ್ಕಕ್ಕೆ ಸರಿದ.

"ಕಾಚಿಗೂಡ" ಎಂದ ಡ್ರೈವರಿಗೆ, "ಸ್ಟೇಷನ್."

ಸುಗಲಮ್ಮ ತನ್ನ ಗುಡಿಸಲ ಮುಂದೆ ಕೂತು ಎಲ್ಲವನ್ನೂ ಕೇಳಿದಳು. ಅಳಲಿಲ್ಲ. "ಹಂಗಾದ್ರ ನನ್ನ ಗಂಡಗ ಶಕ್ತಿ ಇತ್ತು" ಎಂದಳು. ಆಮೇಲೆ ಎದ್ದು ಸೀರೆಯ ಸೆರಗು ಸೊಂಟಕ್ಕೆ ಬಿಗಿದಳು. "ನಡೀರಿ. ಇದನ್ನ ನಾನಽ ಬಂದು ಕೇಳ್ತೀನಿ."

ವಾಪಸು ಬರುವ ರೈಲಿನಲ್ಲಿ ನಾವು ಮೂವರಿದ್ದೆವು.